ಸೈಕಲ್ಲಿನ ಮುಂದಿನ ಗಾಲಿಗೆ ಮೋಟರ್: ಫೋರ್ಕ್ ಮುರಿದ ಮೇಲೆ ಸರಿಯಾಗಿ ಕೂರಿಸಿದ್ದು

ಮನೆ ಪುಣೆಯ ಕೋಥ್ರೂಡಿನಲ್ಲಿ, ಕೆಲಸ ಬಾವಧನ್‌ನಲ್ಲಿ. ದೂರ ಏಳು ಕಿಲೋಮೀಟರ್ ಅಷ್ಟೇ. ಆದರೆ ಪೌಡ್ ರಸ್ತೆಯಲ್ಲಿ ಡಿಪೋ ದಾಟಿದ ಮೇಲೆ ಚಾಂದಣಿ ಚೌಕದವರೆಗೆ ಒಂದೇ ಏರು. ಹತ್ತು ವರ್ಷ ತುಳಿದೆ. ಹೋದ ವರ್ಷದಿಂದ ಬಲ ಮೊಣಕಾಲು ನೋಯತೊಡಗಿತು. ಸೈಕಲ್ ಬಿಡಲು ಮನಸ್ಸಿಲ್ಲ, ಸ್ಕೂಟರ್ ಬೇಡ. ಹಾಗಾಗಿ ಇದ್ದ 26 ಇಂಚಿನ ಸೈಕಲ್ಲಿಗೇ ಮುಂದಿನ ಗಾಲಿಯಲ್ಲಿ ಮೋಟರ್ ಹಾಕಿಕೊಂಡೆ.

ವೈರಿಂಗ್ ಬಗ್ಗೆ, ಬ್ಯಾಟರಿ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ. ಅವು ಪ್ಲಗ್ ಹಾಕಿದರೆ ಮುಗಿಯುವ ಕೆಲಸ. ಗಾಲಿಯನ್ನು ಫೋರ್ಕಿಗೆ, ಅಂದರೆ ಮುಂದಿನ ಗಾಲಿಯನ್ನು ಎರಡು ಬದಿಯಿಂದ ಹಿಡಿಯುವ ಕವಲಿಗೆ, ಗಟ್ಟಿಯಾಗಿ ಹಿಡಿಸುವುದೇ ನಿಜವಾದ ಕೆಲಸ ಅಂತ ನನಗೆ ಗೊತ್ತಾಗಿದ್ದು ಫೋರ್ಕ್ ಮುರಿದ ಮೇಲೆ. ಅದನ್ನೇ ತಾರೀಖಿನ ಪ್ರಕಾರ ಬರೆದಿಟ್ಟಿದ್ದೇನೆ.

1. ಸಾಮಾನು ಮತ್ತು ಅಳತೆ (ಮಾರ್ಚ್ 8, 2025, ಶನಿವಾರ)

ಕಿಟ್ ಬಂತು. 36 ವೋಲ್ಟ್, 250 ವ್ಯಾಟ್‌ನ ಗೇರ್ ಮೋಟರ್, ರಿಮ್ಮು ಕಡ್ಡಿ ಹಾಕಿ ರೆಡಿ ಮಾಡಿದ ಗಾಲಿ. ಜೊತೆಗೆ ಮೋಟರಿಗೆ ಹೋಗುವ ಕರೆಂಟನ್ನು ಹತೋಟಿಯಲ್ಲಿಡುವ 15 ಆಂಪಿಯರ್ ಕಂಟ್ರೋಲರ್, ವೇಗ ಕೊಡುವ ಥ್ರಾಟಲ್ ಹಿಡಿ, ಎರಡು ಬ್ರೇಕ್ ಲಿವರ್. 11,500 ರೂಪಾಯಿ. ಬ್ಯಾಟರಿ ಬೇರೆ, 12,800. ಗಂಟೆಗೆ 25 ಕಿಲೋಮೀಟರ್ ಒಳಗೇ ಓಡುವ ಹಾಗೆ ಕಂಟ್ರೋಲರಿನಲ್ಲಿ ಮಿತಿ ಇಟ್ಟುಕೊಂಡೆ.

ಅಳತೆ ತೆಗೆಯಲು ಏಳನೇ ಕ್ಲಾಸಿನ ಮಗಳು ವರ್ನಿಯರ್ ಹಿಡಿದಳು. ಮೋಟರಿನ ಆಕ್ಸಲ್, ಅಂದರೆ ಗಾಲಿಯ ನಡುವಿನ ಅಚ್ಚು, ದುಂಡಗೆ 12 ಮಿಮೀ. ಆದರೆ ಎರಡು ಬದಿ ಚಪ್ಪಟೆಯಾಗಿ ಕೆತ್ತಿದ್ದಾರೆ, ಆ ಚಪ್ಪಟೆಗಳ ನಡುವೆ ಸರಿಯಾಗಿ 10.0 ಮಿಮೀ. ಫೋರ್ಕಿನ ತುದಿಯಲ್ಲಿ ಆಕ್ಸಲ್ ಕೂರುವ ಕಚ್ಚು ಇರುತ್ತದಲ್ಲ, ಅದನ್ನು ಅಂಗಡಿಯವರು ಡ್ರಾಪ್‌ಔಟ್ ಅನ್ನುತ್ತಾರೆ. ನನ್ನ ಫೋರ್ಕಿನಲ್ಲಿ ಆ ಕಚ್ಚು 9.1 ಮಿಮೀ. ಎರಡು ಕಾಲುಗಳ ನಡುವಿನ ಅಂತರ 100 ಮಿಮೀ, ಮೋಟರಿನದೂ ಅಷ್ಟೇ. ಅದು ಕೂತುಕೊಳ್ಳುತ್ತದೆ.

ಅಂದರೆ ಕಚ್ಚನ್ನು 0.9 ಮಿಮೀ ಅಗಲ ಮಾಡಬೇಕು. ಆಕ್ಸಲ್ಲಿಗೆ ಮಾತ್ರ ಅರ (ಉಜ್ಜುವ ಫೈಲ್) ತಾಗಿಸಬಾರದು. ಆ ಚಪ್ಪಟೆ ಭಾಗವೇ ಮೋಟರನ್ನು ಹಿಡಿಯುವುದು.

2. ಮೊದಲ ಸಲ ಕೂರಿಸಿದ್ದು (ಮಾರ್ಚ್ 9, ಭಾನುವಾರ)

ಈ ಹಂತದಲ್ಲಿ ನಾಲ್ಕು ತಪ್ಪು ಮಾಡಿದೆ. ನಾಲ್ಕೂ ಆಮೇಲೆ ಗೊತ್ತಾದದ್ದು.

ಒಂದು, ಫೋರ್ಕ್. ಇದ್ದದ್ದು ಸಸ್ಪೆನ್ಶನ್ ಫೋರ್ಕ್. ಅದರ ಕೆಳಗಿನ ಕಾಲುಗಳು ಎರಕ ಹೊಯ್ದ ಅಲ್ಯೂಮಿನಿಯಂ. ಉಕ್ಕು ಜಾಸ್ತಿ ಭಾರ ಬಿದ್ದರೆ ಮೊದಲು ಬಾಗುತ್ತದೆ, ಕಣ್ಣಿಗೆ ಕಾಣುತ್ತದೆ. ಎರಕದ ಅಲ್ಯೂಮಿನಿಯಂ ಬಾಗುವುದಿಲ್ಲ. ಸುಳಿವು ಕೊಡದೆ ಮುರಿಯುತ್ತದೆ.

ಎರಡು, ಏರಿ. ಕಚ್ಚಿನ ಸುತ್ತ ಹೊರಮುಖದಲ್ಲಿ ಕೆರೆ ಏರಿಯ ಹಾಗೆ ಒಂದು ತೆಳು ದಂಡೆ ಎದ್ದಿರುತ್ತದೆ. ನಟ್ಟು ಸಡಿಲಾದರೂ ಗಾಲಿ ತಟ್ಟನೆ ಕಳಚಿ ಬೀಳದಿರಲಿ ಅಂತ ಮಾಡಿರುವುದು. ಮೋಟರಿನ ವಾಶರ್ ದೊಡ್ಡದು. ಅದು ಒಳಗೆ ಕೂರದೆ ಆ ಏರಿಯ ಮೇಲೆ ನಿಂತಿತು. ನಾನು ನಟ್ಟು ಬಿಗಿದೆ. ಬಿಗಿತವೆಲ್ಲ ಬಿದ್ದದ್ದು ಆ ತೆಳು ದಂಡೆಯ ಮೇಲೆ. ಇಂಥ ಫೋರ್ಕಿಗೆ ಏರಿಯ ನಡುವಿನ ತಗ್ಗಿನೊಳಗೆ ಕೂರುವ ಸಣ್ಣ ವಾಶರ್ ಬೇರೆ ಬರುತ್ತದೆ. ಅದನ್ನು ತುಂಬಿ ಮಟ್ಟ ಮಾಡಿಕೊಂಡೇ ದೊಡ್ಡ ವಾಶರ್ ಹಾಕಬೇಕು.

ಮೂರು, ನಾಲಿಗೆ ವಾಶರ್. ಕಿಟ್ಟಿನಲ್ಲಿ ಎರಡು ವಾಶರಿಗೆ ಸಣ್ಣ ನಾಲಿಗೆ ಇತ್ತು. ಆ ನಾಲಿಗೆ ಕಚ್ಚಿನ ಒಳಗೆ, ಆಕ್ಸಲ್ಲಿನ ಕೆಳಗಡೆ ಇಳಿಯಬೇಕು. ನಾನು ಹೊರಮುಖ ಮಾಡಿ ಹಾಕಿದ್ದೆ. ಹಾಗೆ ಹಾಕಿದರೆ ಅದು ಬರೀ ವಾಶರ್.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು. ಟಾರ್ಕ್ ಆರ್ಮ್ ಹಾಕಲಿಲ್ಲ. ಮೋಟರು ಗಾಲಿಯನ್ನು ಮುಂದಕ್ಕೆ ತಿರುಗಿಸುವಾಗ ಅಷ್ಟೇ ಬಲದಿಂದ ಆಕ್ಸಲ್ ಹಿಂದಕ್ಕೆ ತಿರುಗಲು ನೋಡುತ್ತದೆ. ಸಾದಾ ಸೈಕಲ್ಲಿನಲ್ಲಿ ಈ ತೊಂದರೆಯೇ ಇಲ್ಲ, ಅಲ್ಲಿ ಆಕ್ಸಲ್ ಸುಮ್ನೆ ಭಾರ ಹೊರುತ್ತದೆ. ಇಲ್ಲಿ ಅದನ್ನು ತಿರುಗದ ಹಾಗೆ ಹಿಡಿಯುವ ಒಂದು ಉಕ್ಕಿನ ಪಟ್ಟಿ ಬೇಕು. ಒಂದು ತುದಿ ಆಕ್ಸಲ್ಲಿನ ಚಪ್ಪಟೆಗೆ, ಇನ್ನೊಂದು ತುದಿ ಫೋರ್ಕಿನ ಕಾಲಿಗೆ. ಕಿಟ್ ಮಾರಿದವರನ್ನು ಕೇಳಿದ್ದೆ. "250 ವ್ಯಾಟಿಗೆ ಅದೆಲ್ಲ ಬೇಡ, ನಟ್ಟು ಟೈಟ್ ಮಾಡಿ ಸಾಕು" ಅಂದರು. ನಂಬಿದೆ.

ಅರ ಹಾಕಿ ಕಚ್ಚು ಅಗಲ ಮಾಡಲು ಕಾಲು ಗಂಟೆ ಸಾಕಾಯಿತು. ಅಲ್ಯೂಮಿನಿಯಂ ಮೆತ್ತಗೆ. ಸಂಜೆ ಗಾಲಿ ತಿರುಗಿತು. ಮಗಳು ಅಂಗಳದಲ್ಲಿ ಎರಡು ಸುತ್ತು ಹೊಡೆದಳು. ಈಗ ಅದನ್ನು ನೆನೆಸಿಕೊಂಡರೆ ಎದೆ ಝಲ್ಲೆನ್ನುತ್ತದೆ.

3. ಚಾಂದಣಿ ಚೌಕದ ಏರು (ಮಾರ್ಚ್ 17, ಸೋಮವಾರ)

ಒಂದು ವಾರ ಚೆನ್ನಾಗಿ ಓಡಿತು. ಮೊಣಕಾಲಿಗೆ ಎಷ್ಟು ಹಾಯಾಗಿತ್ತೆಂದರೆ ದಿನಾ ಬೇಗ ಹೊರಡುತ್ತಿದ್ದೆ.

ಸೋಮವಾರ ಬೆಳಿಗ್ಗೆ ಏರಿನ ನಡುವೆ ಒಂದು ಬಸ್ಸು ಅಡ್ಡ ಬಂತು, ನಿಂತೆ. ಮತ್ತೆ ಹೊರಡುವಾಗ ಥ್ರಾಟಲ್ ಪೂರ್ತಿ ತಿರುಗಿಸಿದೆ. ಮುಂದಿನಿಂದ "ಟಕ್" ಅಂತ ಒಂದು ಸದ್ದು. ಹಿಂದೆಯೇ ಗರಗರ ಅಂತ ಅರೆದ ಸದ್ದು. ಮೋಟರ್ ನಿಂತಿತು. ಗಾಲಿ ಎಡಕ್ಕೆ ವಾಲಿ ಬ್ರೇಕ್ ಬ್ಲಾಕಿಗೆ ಒತ್ತಿಕೊಂಡಿತು.

ಇಳಿದು ನೋಡಿದೆ. ಬಲಗಡೆ ಕಚ್ಚಿನ ಮುಂದಿನ ತುಟಿ ಅರ್ಧ ಮುರಿದು ಹೋಗಿತ್ತು. ಮುರಿದ ಜಾಗದ ಬಣ್ಣ ನೋಡಿ ಕೈ ತಣ್ಣಗಾಯಿತು. ಸ್ವಲ್ಪ ಭಾಗ ಹೊಸದಾಗಿ ಹೊಳೆಯುತ್ತಿತ್ತು, ಉಳಿದದ್ದು ಮಸುಕಾಗಿ ಕಪ್ಪಿತ್ತು. ಅಂದರೆ ಬಿರುಕು ಮೊದಲೇ ಬಿಟ್ಟಿತ್ತು, ಪ್ರಾಯಶಃ ನಟ್ಟು ಬಿಗಿದ ದಿನದಿಂದಲೇ. ಎಡಗಡೆ ಆಕ್ಸಲ್ ತಿರುಗಿ ಕಚ್ಚು ಹಿಗ್ಗಿತ್ತು. ಕೇಬಲ್ ಆಕ್ಸಲ್ಲಿಗೆ ಒಂದು ಸುತ್ತು ಸುತ್ತಿಕೊಂಡು ಸಿಪ್ಪೆ ಸುಲಿದಿತ್ತು.

ವೇಗ ನಡಿಗೆಗಿಂತ ಜಾಸ್ತಿ ಇರಲಿಲ್ಲ, ಅದಕ್ಕೇ ಕಾಲು ಊರಿ ನಿಂತೆ. ಇದೇ ಸಂಜೆ ಇಳಿಜಾರಿನಲ್ಲಿ ಆಗಿದ್ದರೆ ಗಾಲಿ ಒಂದು ಕಡೆ, ನಾನು ಒಂದು ಕಡೆ. ಹಿಂದಿನ ಗಾಲಿಯ ಆಕ್ಸಲ್ ತಪ್ಪಿದರೆ ಸೈಕಲ್ ನಿಲ್ಲುತ್ತದೆ. ಮುಂದಿನದು ತಪ್ಪಿದರೆ ಮುಖ ನೆಲಕ್ಕೆ ಬಡಿಯುತ್ತದೆ. ಸೈಕಲ್ಲನ್ನು ಟೆಂಪೊದಲ್ಲಿ ಮನೆಗೆ ತಂದೆ, 300 ರೂಪಾಯಿ.

4. ಕೇಬಲ್ (ಮಾರ್ಚ್ 19 ಮತ್ತು 20)

ಮೊದಲು ಮೋಟರ್ ಉಳಿದಿದೆಯೋ ಇಲ್ಲವೋ ನೋಡಬೇಕು. ಪ್ಲಗ್ ಕಳಚಿ ಗಾಲಿಯನ್ನು ಕೈಯಿಂದ ಹಿಮ್ಮುಖವಾಗಿ ತಿರುಗಿಸಿದೆ. ಗೇರ್ ಮೋಟರಿನ ಗಾಲಿ ಮುಂದಕ್ಕೆ ಯಾವಾಗಲೂ ಸಲೀಸಾಗಿ ತಿರುಗುತ್ತದೆ, ಒಳಗೆ ಫ್ರೀವೀಲ್ ಇದೆ. ಹಿಂದಕ್ಕೆ ತಿರುಗಿಸಿದರೆ ಮಾತ್ರ ಮೋಟರೂ ಜೊತೆಗೆ ತಿರುಗುತ್ತದೆ. ನನ್ನದು ಜಗ್ಗಿ ಜಗ್ಗಿ ಬಿಡುತ್ತಿತ್ತು. ಮೂರು ದಪ್ಪ ವೈರುಗಳಲ್ಲಿ ಯಾವುದೋ ಎರಡು ಒಂದಕ್ಕೊಂದು ತಾಗಿವೆ ಅಂತ ಅರ್ಥ. ಸುಲಿದ ಜಾಗದಲ್ಲಿ ಕತ್ತರಿಸಿ ಬಿಡಿಸಿದೆ. ಗಾಲಿ ಹಿಂದಕ್ಕೂ ಸಲೀಸಾಗಿ ತಿರುಗಿತು. ಮೋಟರ್ ಚೆನ್ನಾಗಿದೆ, ಏಟು ಬಿದ್ದದ್ದು ಕೇಬಲ್ಲಿಗೆ ಮಾತ್ರ.

ಬುಧವಾರ ಪೇಠೆ ಅನ್ನುವ ಬಡಾವಣೆಯ ತಪಕೀರ್ ಗಲ್ಲಿಯಿಂದ ಶ್ರಿಂಕ್ ಟ್ಯೂಬ್ (ಬಿಸಿ ಮಾಡಿದರೆ ವೈರಿಗೆ ಬಿಗಿಯಾಗಿ ಅಂಟುವ ಕೊಳವೆ) ಮತ್ತು ಹೊಸ ಪ್ಲಗ್ ತುಂಡು ತಂದೆ, 340 ರೂಪಾಯಿ. ಒಟ್ಟು ಎಂಟು ವೈರು. ಮೂರು ದಪ್ಪ, ಅವು ಮೋಟರಿಗೆ ಕರೆಂಟ್ ಒಯ್ಯುವವು; ಐದು ಸಣ್ಣ, ಅವು ಮೋಟರಿನೊಳಗಿನ ಸೆನ್ಸರಿನವು. ಬೆಸುಗೆಗಳು ಒಂದೇ ಕಡೆ ಬರದ ಹಾಗೆ ಹಿಂದೆ ಮುಂದೆ ಕತ್ತರಿಸಿ ಸೇರಿಸಿದೆ. ಎರಡು ಗಂಟೆ ಹಿಡಿಯಿತು. ಎಲ್ಲ ಮುಗಿಸಿ ಮೇಲೆ ದೊಡ್ಡ ಟ್ಯೂಬ್ ಹಾಕಿ ಬಿಸಿ ಮಾಡಿದ ಮೇಲೆ ನೋಡುತ್ತೇನೆ, ಎಡಗಡೆಯ ನಟ್ಟು ಮತ್ತು ವಾಶರ್ ಮೇಜಿನ ಮೇಲೆ ಕೂತಿವೆ. ಕೇಬಲ್ ಅವುಗಳೊಳಗಿಂದ ಬರಬೇಕಿತ್ತು. ಪ್ಲಗ್ಗು ನಟ್ಟಿನೊಳಗೆ ತೂರುವುದಿಲ್ಲ. ಎಂಟೂ ವೈರು ಬಿಚ್ಚಿ, ನಟ್ಟು ವಾಶರ್ ಏರಿಸಿ, ಮರುದಿನ ಮತ್ತೆ ಬೆಸುಗೆ ಹಾಕಿದೆ. ಕೇಬಲ್ ಕತ್ತರಿಸುವವರು ಮೊದಲು ನಟ್ಟು ಏರಿಸಿಕೊಳ್ಳಿ.

ಸಣ್ಣ ವೈರುಗಳ ಪರೀಕ್ಷೆ ಸುಲಭ. ಪ್ಲಗ್ ಹಾಕಿ ಕಂಟ್ರೋಲರಿನಿಂದ ಕೆಂಪು ಕಪ್ಪು ವೈರಿಗೆ 5 ವೋಲ್ಟ್ ಬರುವ ಹಾಗೆ ಮಾಡಿ, ಗಾಲಿಯನ್ನು ಹಿಂದಕ್ಕೆ ನಿಧಾನ ತಿರುಗಿಸಿದರೆ ಉಳಿದ ಮೂರು ವೈರಿನಲ್ಲಿ ಮೀಟರ್ ಸೊನ್ನೆಗೂ 5ಕ್ಕೂ ಹಾರುತ್ತಿರಬೇಕು. ಮೂರೂ ಹಾರಿದವು.

5. ಉಕ್ಕಿನ ಫೋರ್ಕ್ (ಮಾರ್ಚ್ 22, ಶನಿವಾರ)

ನಾನಾ ಪೇಠೆಗೆ ಹಳೆಯ ಫೋರ್ಕ್ ಹಿಡಿದುಕೊಂಡೇ ಹೋದೆ. ಬರೀ ಅಳತೆ ಹೇಳಿದರೆ ಆಗುವುದಿಲ್ಲ. ಹ್ಯಾಂಡಲ್ ಕಡೆ ಹೋಗುವ ಕೊಳವೆಯ ದಪ್ಪ, ಅದರ ಉದ್ದ, ಮೇಲಿನ ಚೂಡಿ (ನಟ್ಟು ತಿರುಗಿ ಕೂರುವ ಸುರುಳಿ ಗೆರೆ), ವಿ-ಬ್ರೇಕ್ ಕೂರಿಸುವ ಗೂಟ, ಎಲ್ಲ ಹೊಂದಬೇಕು. ಮೂರನೇ ಅಂಗಡಿಯಲ್ಲಿ ಸಿಕ್ಕಿತು. ಸಾದಾ ಉಕ್ಕಿನ ಫೋರ್ಕ್, ಕಚ್ಚಿನ ಜಾಗದಲ್ಲಿ 5 ಮಿಮೀ ದಪ್ಪ, ಏರಿ ಇಲ್ಲ, ಹೊರಮುಖ ಮಟ್ಟಸ. 750 ರೂಪಾಯಿ. ಹೊಸ ಬೇರಿಂಗ್ ಕಪ್ ಮತ್ತು ಗುಂಡು 120. ಅಂಗಡಿಯಲ್ಲೇ ಅಯಸ್ಕಾಂತ ತಾಗಿಸಿ ನೋಡಿದೆ, ಗಟ್ಟಿಯಾಗಿ ಹಿಡಿಯಿತು.

ಸಸ್ಪೆನ್ಶನ್ ಹೋದದ್ದರಿಂದ ಮುಂಭಾಗ 35 ಮಿಮೀ ತಗ್ಗಿತು. ಹ್ಯಾಂಡಲ್ ಸ್ವಲ್ಪ ಎತ್ತಿಕೊಂಡೆ. ಪೌಡ್ ರಸ್ತೆಯ ಗುಂಡಿಗಳು ಕೈಗೆ ತಾಗುತ್ತವೆ, ನಿಜ. ಅದಕ್ಕೆ ದಪ್ಪ ಟೈರು ಹಾಕಿದೆ.

6. ಕಚ್ಚಿಗೆ ಅರ (ಮಾರ್ಚ್ 23, ಭಾನುವಾರ)

ಇದು ನಿಧಾನದ ಕೆಲಸ. ಬೋಹ್ರಿ ಆಳಿಯಿಂದ 8 ಇಂಚಿನ ಚಪ್ಪಟೆ ಅರ ತಂದಿದ್ದೆ, 180 ರೂಪಾಯಿ. ಫೋರ್ಕನ್ನು ತಲೆಕೆಳಗಾಗಿ ವೈಸಿಗೆ ಹಿಡಿಸಿ, ಕಚ್ಚಿನ ಎರಡು ಗೋಡೆಗಳಿಗೆ ಮಾರ್ಕರ್ ಪೆನ್ನಿನ ಕಪ್ಪು ಬಳಿದೆ. ಕಪ್ಪು ಬಳಿದರೆ ಅರ ಎಲ್ಲಿ ತಿನ್ನುತ್ತಿದೆ ಅಂತ ಕಾಣುತ್ತದೆ. ಒಂದು ಗೋಡೆಗೆ ಹತ್ತು ಸಲ, ಇನ್ನೊಂದಕ್ಕೆ ಹತ್ತು ಸಲ. ಮತ್ತೆ ಅಳತೆ, ಮತ್ತೆ ಕಪ್ಪು. ಒಂದೇ ಬದಿ ತಿನ್ನಿಸಿದರೆ ಗಾಲಿ ನಡುವಿನಿಂದ ಸರಿಯುತ್ತದೆ. ಅರ ಓರೆಯಾದರೆ ಕಚ್ಚಿನ ಬಾಯಿ ಅಗಲ, ತಳ ಇಕ್ಕಟ್ಟು ಆಗುತ್ತದೆ.

9.3, 9.5, 9.7. ಇಲ್ಲಿಂದ ಮುಂದೆ ಐದೈದೇ ಸಲ. 9.9ಕ್ಕೆ ಆಕ್ಸಲ್ ಹಚ್ಚಿ ನೋಡಿದೆ, ಬಾಯಲ್ಲೇ ನಿಂತಿತು. ಇನ್ನು ನಾಲ್ಕು ಸಲ ಎಳೆದೆ. ಅಂಗೈಯಿಂದ ಒತ್ತಿದರೆ ಕರಕರ ಅಂತ ಇಳಿಯಿತು, ತಾನಾಗಿ ಬೀಳಲಿಲ್ಲ. ನನಗೆ ಬೇಕಾದದ್ದು ಅಷ್ಟೇ. ಒಂದು ಕಡೆಗೆ 40 ನಿಮಿಷ, ಎರಡೂ ಸೇರಿ ಸುಮಾರು ಒಂದೂವರೆ ಗಂಟೆ.

ಕಚ್ಚಿನ ತಳವನ್ನೂ ನೋಡಬೇಕು. ತಳ ದುಂಡಗಿದ್ದು ಆಕ್ಸಲ್ ದೊಡ್ಡದಾದರೆ ಅದು ಪೂರ್ತಿ ಮೇಲೆ ಕೂರುವುದಿಲ್ಲ. ಬಲಗಡೆ ಒಂದು ಮಿಮೀ ಕಡಿಮೆ ಕೂತಿತ್ತು, ರಿಮ್ಮು ಒಂದು ಬದಿಗೆ ವಾಲಿತ್ತು. ದುಂಡು ಅರದಿಂದ ತಳ ಬಿಡಿಸಿದ ಮೇಲೆ ರಿಮ್ಮು ನಡುವಿಗೆ ಬಂತು.

7. ಮೊದಲ ಪಟ್ಟಿ (ಮಾರ್ಚ್ 29, ಶನಿವಾರ)

ಟಾರ್ಕ್ ಆರ್ಮ್ ರೆಡಿಮೇಡ್ ಸಿಗುತ್ತದೆ, ಆದರೆ ನನಗೆ ತೋರಿಸಿದ್ದು 3 ಮಿಮೀ ದಪ್ಪದ್ದು, ರಂಧ್ರ ಸಡಿಲ, ಅಲ್ಲಾಡುವಷ್ಟು ಆಟ ಇತ್ತು. ನಾನೇ ಮಾಡಿಕೊಳ್ಳೋಣ ಅಂತ ವಾರಜೆಯಲ್ಲಿ ಗ್ರಿಲ್ ಕೆಲಸ ಮಾಡುವ ಮಾಮಾನ ಹತ್ತಿರ ಹೋದೆ. ಅವರು ಇಂಡಿ ತಾಲ್ಲೂಕಿನವರು, ಪುಣೆಗೆ ಬಂದು ಇಪ್ಪತ್ತೈದು ವರ್ಷ. ಅಂಗಡಿಯಲ್ಲಿ ಮರಾಠಿ, ನನ್ನ ಜೊತೆ ಕನ್ನಡ. 30 ಮಿಮೀ ಅಗಲ, 6 ಮಿಮೀ ದಪ್ಪದ ಉಕ್ಕಿನ ಪಟ್ಟಿ ಒಂದಡಿ ಕೊಟ್ಟರು, ದುಡ್ಡು ತಗೊಳ್ಳಲಿಲ್ಲ.

ಪಟ್ಟಿಯ ತುದಿಯಲ್ಲಿ ಆಕ್ಸಲ್ಲಿನ ಆಕಾರದ ರಂಧ್ರ ಬೇಕು. ಎರಡು ಬದಿ ಚಪ್ಪಟೆ, ಎರಡು ಬದಿ ದುಂಡು. ಪಂಚ್ ಹೊಡೆದು, 4 ಮಿಮೀ ಡ್ರಿಲ್ ಬಿಟ್, ಆಮೇಲೆ 6, ಆಮೇಲೆ 10. ಪ್ರತಿ ಸಲ ಎರಡು ಹನಿ ಎಣ್ಣೆ. 10 ಮಿಮೀ ರಂಧ್ರ ಆದ ಮೇಲೆ ಒಂದು ದಿಕ್ಕಿಗೆ ಮಾತ್ರ 12 ಮಿಮೀವರೆಗೆ ಅರದಿಂದ ಉದ್ದ ಮಾಡಿ, ನಾಲ್ಕು ಮೂಲೆ ಬಿಡಿಸಬೇಕು. ಚಪ್ಪಟೆ ಬದಿಯಲ್ಲಿ ಕೂದಲೆಳೆಯಷ್ಟೂ ಆಟ ಇರಬಾರದು. ಮೂರು ಗಂಟೆ ಕೂತೆ.

ಹಾಕಿ ನೋಡಿದರೆ ಪಟ್ಟಿ ನೆಟ್ಟಗೆ ಮೇಲಕ್ಕೆ ನಿಂತಿತು. ಫೋರ್ಕಿನ ಕಾಲು ಹಿಂದಕ್ಕೆ ಓರೆ. ಪಟ್ಟಿಯ ಮೇಲಿನ ತುದಿಗೂ ಕಾಲಿಗೂ ನಾಲ್ಕು ಸೆಂಟಿಮೀಟರ್ ಅಂತರ. ರಂಧ್ರದ ಚಪ್ಪಟೆ ಬದಿಯನ್ನು ಪಟ್ಟಿಯ ಉದ್ದಕ್ಕೆ ಸರಿಯಾಗಿ ಮಾಡಿದ್ದೆ. ಆದರೆ ಕಚ್ಚಿನ ದಿಕ್ಕು ಬೇರೆ, ಕಾಲಿನ ದಿಕ್ಕು ಬೇರೆ. ಸುಮಾರು 20 ಡಿಗ್ರಿ ವ್ಯತ್ಯಾಸ. ರಂಧ್ರವನ್ನೇ ಸ್ವಲ್ಪ ತಿನ್ನಿಸಿ ಪಟ್ಟಿ ತಿರುಗಿಸೋಣ ಅಂತ ಹೋದೆ. ರಂಧ್ರ ಸಡಿಲಾಯಿತು, ಪಟ್ಟಿ ಲಟಪಟ ಅಲ್ಲಾಡಿತು. ಅದನ್ನು ಅಲ್ಲಿಗೇ ಬಿಟ್ಟೆ.

8. ರಟ್ಟಿನ ಅಳತೆ, ಎರಡನೇ ಪಟ್ಟಿ (ಮಾರ್ಚ್ 30 ರಿಂದ ಏಪ್ರಿಲ್ 5)

ಮಾರ್ಚ್ 30 ಯುಗಾದಿ. ಕೆಳಗಿನ ಮನೆಯವರೆಲ್ಲ ಗುಡಿ ಏರಿಸುತ್ತಿದ್ದರು, ನಮ್ಮಲ್ಲಿ ಬೇವು ಬೆಲ್ಲ. ಊಟ ಆದ ಮೇಲೆ ಮಗಳು ಸೀರೆ ಡಬ್ಬದ ರಟ್ಟು ತಂದಳು. ಗಾಲಿ ಕೂರಿಸಿದ ಫೋರ್ಕನ್ನು ಮಲಗಿಸಿ, ರಟ್ಟನ್ನು ಆಕ್ಸಲ್ಲಿನ ತುದಿಗೆ ಒತ್ತಿ ಅಚ್ಚು ತೆಗೆದೆವು. ಕಾಲಿನ ಅಂಚನ್ನೂ ಪೆನ್ಸಿಲ್ಲಿನಲ್ಲಿ ಎಳೆದೆವು. ಈಗ ರಂಧ್ರದ ದಿಕ್ಕು, ಪಟ್ಟಿಯ ದಿಕ್ಕು ಎರಡೂ ಒಂದೇ ರಟ್ಟಿನಲ್ಲಿ. ಮೊದಲೇ ಹೀಗೆ ಮಾಡಿದ್ದರೆ ಒಂದು ಶನಿವಾರ ಉಳಿಯುತ್ತಿತ್ತು.

ಎರಡನೇ ಪಟ್ಟಿ ಏಪ್ರಿಲ್ 5ಕ್ಕೆ ಮುಗಿಯಿತು. ಮೇಲಿನ ತುದಿಗೆ ಮಾಮಾ ಒಂದಿಂಚಿನ ಕೊಳವೆಯನ್ನು ಉದ್ದಕ್ಕೆ ಸೀಳಿದ ಅರ್ಧ ತುಂಡನ್ನು ಬೆಸೆದು ಕೊಟ್ಟರು, 35 ಮಿಮೀ ಉದ್ದ. ಅದು ಫೋರ್ಕಿನ ಕಾಲಿಗೆ ಅಂಗೈ ಹಾಗೆ ಅಂಟಿ ಕೂರುತ್ತದೆ. ಅದರ ಮೇಲೆ ಸ್ಟೀಲಿನ ಹೋಸ್ ಕ್ಲಿಪ್, ಅಂದರೆ ಪೈಪಿನ ಸುತ್ತ ಸ್ಕ್ರೂವಿನಿಂದ ಬಿಗಿಯುವ ತೆಳು ಪಟ್ಟಿ. ಆಕ್ಸಲ್ಲಿನಿಂದ ಅಲ್ಲಿಗೆ 110 ಮಿಮೀ. ಮೋಟರಿನ ತಿರುಚು ಬಲ 35 ನ್ಯೂಟನ್ ಮೀಟರ್ ಅಂತ ಹಿಡಿದರೆ ಅಲ್ಲಿ ಬೀಳುವುದು ಸುಮಾರು 32 ಕಿಲೋ. ಅದೇ ಬಲ ಆಕ್ಸಲ್ಲಿನ ಅಂಚಿನಲ್ಲಿ ನೂರಾರು ಕಿಲೋ ಆಗಿ ಕಚ್ಚನ್ನು ಹಿಗ್ಗಿಸುತ್ತದೆ. ಪಟ್ಟಿ ಉದ್ದ ಇದ್ದಷ್ಟೂ ಕ್ಲಿಪ್ಪಿಗೆ ಹಗುರ.

ಫೋರ್ಕಿಗೇ ಬೆಸೆದುಬಿಡೋಣ ಅಂದರು ಮಾಮಾ. ನಾನು ಬೇಡ ಅಂದೆ. ಪಂಕ್ಚರ್ ಆದರೆ ದಾರಿಯಲ್ಲಿ ಗಾಲಿ ಬಿಚ್ಚಬೇಕಲ್ವಾ? ಫೋರ್ಕಿನ ಕೊಳವೆಯೂ ತೆಳು, ಬೆಸುಗೆಯ ಕಾವಿಗೆ ಅದರ ಬಲ ಕೆಡಬಹುದು.

ಇಲ್ಲಿ ಮತ್ತೆ ಎರಡು ತಪ್ಪಾದವು. ಬಣ್ಣ ಕೆಡದಿರಲಿ ಅಂತ ಕಾಲಿಗೂ ಪಟ್ಟಿಗೂ ನಡುವೆ ಹಳೆಯ ಟ್ಯೂಬಿನ ರಬ್ಬರ್ ಇಟ್ಟೆ. ಇನ್ನೊಂದು, ಪಟ್ಟಿಯನ್ನು ಕಾಲಿನ ಹಿಂಬದಿಗೆ ಇಟ್ಟೆ. ಹಿಂದೆ ಇದ್ದರೆ ಕಣ್ಣಿಗೆ ಬೀಳುವುದಿಲ್ಲ, ಚೆನ್ನಾಗಿ ಕಾಣುತ್ತದೆ ಅನ್ನಿಸಿತ್ತು.

ಅದೇ ಸಂಜೆ ಮೂರು ಕಿಲೋಮೀಟರ್ ಓಡಿಸಿದೆ. ಬಂದು ನೋಡಿದರೆ ಪಟ್ಟಿಯ ತುದಿ ಕಾಲಿನಿಂದ 6 ಮಿಮೀ ದೂರ ಎದ್ದಿತ್ತು. ಕ್ಲಿಪ್ಪಿನ ಪಟ್ಟಿ ಎಳೆದು ಅದರ ಹಲ್ಲುಗಳು ಜಾರಿದ್ದವು. ಬಲಗಡೆಯ ನಟ್ಟು ಕಾಲು ಸುತ್ತು ಸಡಿಲ.

9. ಹಿಂದೆ ಅಲ್ಲ, ಮುಂದೆ (ಏಪ್ರಿಲ್ 6, ಭಾನುವಾರ)

ಸೈಕಲ್ಲನ್ನು ತಳ್ಳಿಕೊಂಡು ವಾರಜೆಗೆ ಹೋದೆ. ಮಾಮಾ ಕೂತು ಒಂದು ನಿಮಿಷ ನೋಡಿದರು. ಗಾಲಿಯನ್ನು ಕೈಯಿಂದ ಮುಂದಕ್ಕೆ ತಿರುವಿದರು. ಆಮೇಲೆ ಪಾನಾ (ಸ್ಪ್ಯಾನರ್) ತಗೊಂಡು ಆಕ್ಸಲ್ಲಿಗೆ ಹಚ್ಚಿ ಹಿಂದಕ್ಕೆ ತೂಗಿ ತೋರಿಸಿದರು.

"ನೋಡ್ರಿ ಸರ, ಗಾಲಿ ಮುಂದ ಹೊಂಟ್ರ ಆಕ್ಸಲ್ ಹಿಂದ ತಿರುಗತೈತಿ. ಅದರ ಕೂಡ ಪಟ್ಟಿ ತಲಿನೂ ಹಿಂದ ಓಡತೈತಿ. ನೀವು ಪಟ್ಟಿ ಹಿಂದ ಇಟ್ಟೀರಿ, ಅದಕ್ಕ ಆಸರಾ ಎಲ್ಲೈತಿ? ಕ್ಲಿಪ್ ಒಂದ ಹಿಡೀಬೇಕು. ಮುಂದ ಇಡ್ರಿ, ಫೋರ್ಕಿನ ಕಾಲ ಅದಕ್ಕ ಗ್ವಾಡಿ ಆಕ್ಕೈತಿ."

ಎಷ್ಟು ಸರಿಯಾದ ಮಾತು! ಪಟ್ಟಿ ಕಾಲಿನ ಮುಂದೆ ಇದ್ದರೆ ಮೋಟರ್ ಎಳೆದಷ್ಟೂ ಪಟ್ಟಿ ಕಾಲಿಗೆ ಒತ್ತಿಕೊಳ್ಳುತ್ತದೆ. ಬಲವನ್ನೆಲ್ಲ ಕಾಲು ತಡೆಯುತ್ತದೆ. ಕ್ಲಿಪ್ಪಿನ ಕೆಲಸ ಪಟ್ಟಿ ಅಲ್ಲಾಡದ ಹಾಗೆ ಹಿಡಿಯುವುದು ಅಷ್ಟೇ. ನಾನು ಹಿಂದಿನ ಸಂಜೆ 32 ಕಿಲೋ ಬಲವನ್ನು 40 ರೂಪಾಯಿಯ ಕ್ಲಿಪ್ಪಿಗೆ ಹೊರಿಸಿದ್ದೆ.

ಬ್ರೇಕ್ ಹಿಡಿದಾಗ ಬ್ಯಾಟರಿಗೆ ಚಾರ್ಜ್ ಕೊಡುವ ಮೋಟರ್ ಇದ್ದರೆ ಆಗ ಬಲದ ದಿಕ್ಕು ತಿರುಗುತ್ತದೆ. ಅಂಥದ್ದಕ್ಕೆ ಎರಡೂ ಕಡೆಯಿಂದ ಹಿಡಿತ ಬೇಕು. ನನ್ನದು ಗೇರ್ ಮೋಟರ್, ಒಳಗೆ ಫ್ರೀವೀಲ್ ಇರುವುದರಿಂದ ಆ ತೊಂದರೆ ಇಲ್ಲ.

ಮುಂದೆ ಇಡಬೇಕೆಂದರೆ ಪಟ್ಟಿಯ ಓರೆಯೇ ಬೇರೆ, ಎರಡನೆಯದೂ ದಂಡವಾಯಿತು. ಹೊಸ ರಟ್ಟು, ಮೂರನೇ ಪಟ್ಟಿ. ಈ ಸಲ ರಂಧ್ರಕ್ಕೆ ಎರಡೇ ಗಂಟೆ ಸಾಕಾಯಿತು, ಕೈ ಪಳಗಿತ್ತು. ಅರ್ಧ ಕೊಳವೆಯನ್ನು ಮಾಮಾ ಹಿಮ್ಮುಖವಾಗಿ ಬೆಸೆದರು. ಕೂಲಿ 150 ಬಲವಂತವಾಗಿ ಕೊಟ್ಟೆ.

10. ಕೊನೆಯ ಜೋಡಣೆ (ಏಪ್ರಿಲ್ 12, ಶನಿವಾರ)

ಬಲಗಡೆ ಒಳಗಿನಿಂದ ಹೊರಗೆ ಬಂದ ಕ್ರಮ ಹೀಗಿದೆ: ಮೋಟರಿನ ಭುಜ (ಆಕ್ಸಲ್ ದಪ್ಪಗಾಗುವ ಮೆಟ್ಟಿಲು), ಫೋರ್ಕಿನ ಕಚ್ಚು, ಟಾರ್ಕ್ ಆರ್ಮ್, ಸಾದಾ ವಾಶರ್, ನಟ್ಟು. ಎಡಗಡೆ ಕೇಬಲ್ ಬರುತ್ತದೆ, ಮುಚ್ಚಿದ ರಂಧ್ರದ ಪಟ್ಟಿ ಅಲ್ಲಿ ತೂರುವುದಿಲ್ಲ. ಅಲ್ಲಿ ಮೋಟರಿನ ಭುಜ, ಕಚ್ಚು, ನಾಲಿಗೆ ವಾಶರ್, ನಟ್ಟು. ನಾಲಿಗೆ ಈ ಸಲ ಕಚ್ಚಿನ ಒಳಗೆ, ಆಕ್ಸಲ್ಲಿನ ಕೆಳಗೆ. ಭುಜ ಕಚ್ಚಿಗೆ ಪೂರ್ತಿ ಒತ್ತಿ ಕೂತಿದೆಯೋ ಅಂತ ಹಾಳೆ ತೂರಿಸಿ ನೋಡಿದೆ. ಹಾಳೆ ಹೋಗಲಿಲ್ಲ. ರಬ್ಬರ್ ಅದುಮಿಕೊಂಡು ಪಟ್ಟಿಗೆ ಆಟ ಬಿಡುತ್ತದೆ, ಈ ಸಲ ಎಲ್ಲೂ ಇಲ್ಲ. ಉಕ್ಕಿಗೆ ಉಕ್ಕು.

ನಟ್ಟನ್ನು ಎಷ್ಟು ಬಿಗಿಯಬೇಕು? ಅಳತೆಯ ಪಾನಾ ನನ್ನ ಹತ್ತಿರ ಇಲ್ಲ. ಊರಿಗೆ ಹೋಗುವಾಗ ಬ್ಯಾಗ್ ತೂಗುವ ಕೊಕ್ಕೆ ತಕ್ಕಡಿ ಇತ್ತು. ಪಾನಾ ಹಚ್ಚಿ, ನಟ್ಟಿನ ನಡುವಿನಿಂದ ಸರಿಯಾಗಿ 20 ಸೆಂಟಿಮೀಟರ್ ದೂರದಲ್ಲಿ ತಕ್ಕಡಿಯ ಕೊಕ್ಕೆ ಸಿಕ್ಕಿಸಿ, ಪಾನಾಕ್ಕೆ ನೇರ ಅಡ್ಡವಾಗಿ ಎಳೆದೆ. ಮಗಳು ತಕ್ಕಡಿ ಓದಿದಳು. 20 ಕಿಲೋ ತೋರಿಸಿದಾಗ ನಿಲ್ಲಿಸಿದೆ. ಲೆಕ್ಕಕ್ಕೆ ಸುಮಾರು 40 ನ್ಯೂಟನ್ ಮೀಟರ್. 12 ಮಿಮೀ ಆಕ್ಸಲ್ಲಿಗೆ ಅಷ್ಟು ಸಾಕು. ಜಾಸ್ತಿ ಬಿಗಿದರೆ ಚೂಡಿ ಸುಲಿಯುತ್ತದೆ.

ಹೋಸ್ ಕ್ಲಿಪ್ ಎರಡು ಹಾಕಿದೆ. ಒಂದು ಹೋದರೂ ಇನ್ನೊಂದು ಇರಲಿ. ಕೇಬಲ್ ಹೊರಬರುವ ಬಾಯಿ ಕೆಳಮುಖ. ಅಲ್ಲಿಂದ ಕೇಬಲ್ಲನ್ನು ಮೊದಲು ಕೆಳಕ್ಕೆ ಬಿಟ್ಟು, ಒಂದು ಜೋಲು ಕೊಟ್ಟು ಆಮೇಲೆ ಕಾಲಿನ ಮೇಲಕ್ಕೆ ಕಟ್ಟಿದೆ. ಮಳೆ ನೀರು ಜೋಲಿನ ತುದಿಯಿಂದ ತೊಟ್ಟಿಕ್ಕಿ ಬೀಳುತ್ತದೆ, ಮೋಟರಿನೊಳಗೆ ಇಳಿಯುವುದಿಲ್ಲ.

ಕೊನೆಗೆ ಹೆಂಡತಿಯ ಉಗುರು ಬಣ್ಣದಿಂದ ನಟ್ಟು, ವಾಶರ್, ಪಟ್ಟಿ ಮೂರರ ಮೇಲೂ ಸೇರಿ ಒಂದು ಕೆಂಪು ಗೆರೆ ಎಳೆದೆ. ಏನಾದರೂ ಕೂದಲೆಳೆ ಸರಿದರೂ ಗೆರೆ ಮುರಿಯುತ್ತದೆ.

11. ಪರೀಕ್ಷೆ (ಏಪ್ರಿಲ್ 13, ಭಾನುವಾರ)

ಮೊದಲು ಅಂಗಳದಲ್ಲೇ. ಮುಂದಿನ ಗಾಲಿಗೆ ಗೋಡೆ ಆಸರೆ ಕೊಟ್ಟು, ಥ್ರಾಟಲ್ಲನ್ನು ಒಂದು ಸೆಕೆಂಡ್ ತಿರುಗಿಸಿ ಬಿಟ್ಟೆ. ಹೀಗೆ ಹತ್ತು ಸಲ. ಇದಕ್ಕಿಂತ ಜಾಸ್ತಿ ಹೊತ್ತು ಹಿಡಿಯಬಾರದು, ಮೋಟರ್ ಬಿಸಿಯಾಗುತ್ತದೆ. ಬ್ರೇಕ್ ಲಿವರ್ ಹಿಡಿದು ಈ ಪರೀಕ್ಷೆ ಮಾಡಲು ಬರುವುದಿಲ್ಲ, ಲಿವರ್ ಒತ್ತಿದ ಕೂಡಲೇ ಅದು ಮೋಟರನ್ನು ಬಂದ್ ಮಾಡುತ್ತದೆ. ಗೆರೆ ಹಾಗೇ ಇತ್ತು.

ಆಮೇಲೆ ಅದೇ ಚಾಂದಣಿ ಚೌಕದ ಏರು, ಬೆಳಿಗ್ಗೆ ಆರಕ್ಕೆ, ರಸ್ತೆ ಖಾಲಿ ಇದ್ದಾಗ. ಏರಿನ ನಡುವೆ ಬೇಕಂತಲೇ ನಿಂತು, ಬೇಕಂತಲೇ ಪೂರ್ತಿ ಥ್ರಾಟಲ್ ಕೊಟ್ಟೆ. ಆರು ಸಲ. ಪ್ರತಿ ಸಲ ಇಳಿದು ಕೂತು ಟಾರ್ಚ್ ಬಿಟ್ಟು ಗೆರೆ ನೋಡಿದೆ. ಒಂದು ಸಲವೂ ಸರಿಯಲಿಲ್ಲ. ಆರನೇ ಸಲ ಎದ್ದಾಗ ಕಣ್ಣು ತುಂಬಿ ಬಂತು.

10 ಕಿಲೋಮೀಟರ್ ಆದ ಮೇಲೆ ತಕ್ಕಡಿ ಹಚ್ಚಿ ನಟ್ಟು ನೋಡಿದೆ. ಬಲಗಡೆಯದು ಒಂದಿಷ್ಟು ಬಿಗಿಯಿತು. ಹೊಸ ಪಟ್ಟಿ, ಹೊಸ ಬಣ್ಣ ಕೂತುಕೊಳ್ಳುವುದು ಸಹಜ. 50ಕ್ಕೆ ಮತ್ತೆ ನೋಡಿದೆ, ಎರಡೂ ಹಾಗೇ ಇದ್ದವು.

ಖರ್ಚಿನ ಲೆಕ್ಕ ಬರೆದಿಡುತ್ತೇನೆ, ಬೇರೆಯವರಿಗೆ ಬೇಕಾಗಬಹುದು. ಫೋರ್ಕ್ 750, ಬೇರಿಂಗ್ ಕಪ್ ಮತ್ತು ಗುಂಡು 120, ಅರ 180, ಕೇಬಲ್ ಸಾಮಾನು 340, ಕ್ಲಿಪ್ ಮೂರಕ್ಕೆ 120, ಬೆಸುಗೆ 150, ಟೆಂಪೊ 300. ಒಟ್ಟು 1,960. ಇದರಲ್ಲಿ ಟಾರ್ಕ್ ಆರ್ಮಿಗೆ ಹೋದದ್ದು 270 ರೂಪಾಯಿ ಮಾತ್ರ. ಟೈರು ಇದರಲ್ಲಿ ಸೇರಿಲ್ಲ.

12. ಮಳೆ ಶುರುವಾದ ಮೇಲೆ (ಜೂನ್ 8, ಭಾನುವಾರ)

ಈ ವರ್ಷ ಮಳೆ ಮೇ ತಿಂಗಳಲ್ಲೇ ಬಂತು. ಇವತ್ತಿಗೆ 486 ಕಿಲೋಮೀಟರ್ ಆಗಿದೆ. ಕೆಂಪು ಗೆರೆ ಮಾಸಿದೆ, ಮುರಿದಿಲ್ಲ. ಮೇಲಿನ ಕ್ಲಿಪ್ಪಿನ ಸ್ಕ್ರೂ ಮಾತ್ರ ತುಕ್ಕು ಹಿಡಿದಿತ್ತು, ಬದಲಿಸಿದೆ. ಕ್ಲಿಪ್ ಕೊಳ್ಳುವಾಗ ಪಟ್ಟಿ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲ್ ಇದ್ದರೆ ಸಾಲದು, ಸ್ಕ್ರೂ ಕೂಡ ಅದರದೇ ಇದೆಯೋ ನೋಡಿ. ಅಯಸ್ಕಾಂತ ಸ್ಕ್ರೂವನ್ನು ಜೋರಾಗಿ ಎಳೆದರೆ ಅದು ಬರೀ ಪಾಲಿಶ್ ಹಾಕಿದ ಕಬ್ಬಿಣ ಇರಬಹುದು, ಮಳೆಗೆ ಬಾಳುವುದಿಲ್ಲ.

ಒಂದು ಸಲ ಪಂಕ್ಚರ್ ಆಯಿತು, ಬಾವಧನ್‌ನಲ್ಲಿ, ಮಳೆಯಲ್ಲಿ. ಕ್ಲಿಪ್ ಎರಡು, ನಟ್ಟು ಎರಡು ಬಿಚ್ಚಿ ಗಾಲಿ ತೆಗೆಯಲು ಒಂಬತ್ತು ನಿಮಿಷ. ಅವತ್ತಿನಿಂದ ಚೀಲದಲ್ಲಿ ನಟ್ಟಿನ ಪಾನಾ, ಸ್ಕ್ರೂ ಡ್ರೈವರ್ ಮತ್ತು ಕೊಕ್ಕೆ ತಕ್ಕಡಿ ಮೂರೂ ಇಟ್ಟುಕೊಂಡಿದ್ದೇನೆ.

ಎಡಗಡೆಗೂ ಒಂದು ಪಟ್ಟಿ ಹಾಕುವುದಿದೆ. ಕೇಬಲ್ ಇರುವುದರಿಂದ ರಂಧ್ರ ಮುಚ್ಚಿದ್ದಾಗದೆ ಬಾಯಿ ತೆರೆದ ಕಚ್ಚಿನ ಹಾಗೆ ಇರಬೇಕು. ರಟ್ಟು ಕತ್ತರಿಸಿ ಇಟ್ಟಿದ್ದೇನೆ. ಮಾಮಾ ಬಿತ್ತನೆಗೆ ಇಂಡಿಗೆ ಹೋಗಿದ್ದಾರೆ. ಬಂದ ಮೇಲೆ ಬೆಸುಗೆ.